ಗತಿಸಿದವರ ಗಳಿಕೆ, ಉಳಿದವರ ಹಕ್ಕು: ಮಾರಣಾಂತಿಕ ವಾಹನಾಪಘಾತಗಳಲ್ಲಿ ಪರಿಹಾರಧನದ ಗಣನೆ

ಮಂಗಳೂರಿನಿಂದ ಪೂರ್ವಾಭಿಮುಖವಾಗಿ ಹೊರಟ ಹೆದ್ದಾರಿಯು ಫರಂಗಿಪೇಟೆ, ತುಂಬೆಗಳನ್ನು ದಾಟಿ ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಎರಡಾಗಿ ಕವಲೊಡೆದು, ಒಂದು ಮಾಣಿ, ಉಪ್ಪಿನಂಗಡಿಗಳ ಮಾರ್ಗವಾಗಿ ಶಿರಾಡಿ ಘಾಟಿಗೂ ಮತ್ತೊಂದು ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆಗಳ ಮಾರ್ಗವಾಗಿ ಚಾರ್ಮಾಡಿ ಘಾಟಿಗೂ ಏರುವುದು. ಇನ್ನೊಂದು ಹೆದ್ದಾರಿಯು ಗುರುಪುರ, ಕೈಕಂಬಗಳನ್ನು ಹಾದು ಮೂಡುಬಿದಿರೆಯ ಮೂಲಕ ಕಾರ್ಕಳದ ಕಡೆಗೆ ಸಾಗುವುದು. ಘಟ್ಟವಿಳಿದು ಬರುವ ಲಾರಿಗಳು, ನಿಮಿಷಗಳ ಅಂತರದಲ್ಲಿ ಪೈಪೋಟಿಗಿಳಿದ ಖಾಸಗಿ ಬಸ್ಸುಗಳು, ಧರ್ಮಸ್ಥಳದ ಯಾತ್ರಿಕರ ವಾಹನಗಳು, ಉಜಿರೆ ಮೂಡುಬಿದಿರೆಗಳ ವಿದ್ಯಾಲಯಗಳಿಗೆ ಹೋಗಿಬರುವ ತರುಣರ ಬೈಕುಗಳು, ಇವೆಲ್ಲವೂ ಒಂದೇ ತಿರುವುಮುರುವಾದ ರಸ್ತೆಯನ್ನು ಹಂಚಿಕೊಳ್ಳುವ ಈ ಸೀಮೆಯಲ್ಲಿ, ಅಪಘಾತದಿಂದ ದುಡಿಯುವ ಕೈಯೊಂದನ್ನು ಕಳೆದುಕೊಂಡ ಮನೆಗಳು ವಿರಳವಲ್ಲ. ಅಂಥ ಮನೆಯವರು ಶೋಕದ ಪ್ರಥಮಾವೇಗವು ತಗ್ಗಿದ ಮೇಲೆ ಪೊಲೀಸು ಠಾಣೆಯ ಎಫ್.ಐ.ಆರ್., ಮಹಜರು, ಮರಣೋತ್ತರ ಪರೀಕ್ಷೆಯ ವರದಿಗಳ ನಕಲುಗಳನ್ನು ಹಿಡಿದು ವಕೀಲರ ಕಚೇರಿಯ ಮೆಟ್ಟಿಲೇರಿದಾಗ ಕೇಳುವ ಪ್ರಶ್ನೆ ಸಾಧಾರಣವಾಗಿ ಒಂದೇ: ಎಷ್ಟು ಬಂದೀತು? ಈ ಪ್ರಶ್ನೆಗೆ ನ್ಯಾಯಾಲಯಗಳು ಯಾವ ಗಣಿತದಿಂದ ಉತ್ತರ ಹೇಳುತ್ತವೆ, ಆ ಗಣಿತವು ಹೇಗೆ ರೂಪುಗೊಂಡಿತು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳೆಂಬ ಈ ಮೂರು ಊರುಗಳ ಜೀವನಕ್ರಮಕ್ಕೆ ಅದು ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಸಮಗ್ರವಾಗಿ ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮನುಷ್ಯನ ಮರಣಕ್ಕೆ ಹಣದಲ್ಲಿ ಪರಿಹಾರವಿದೆಯೆಂಬ ಭಾವನೆ ಇಂಗ್ಲೆಂಡಿನ ಪುರಾತನ ಸಾಮಾನ್ಯ ನ್ಯಾಯಕ್ಕೆ ಸಮ್ಮತವಾಗಿರಲಿಲ್ಲ. 1808ರ ಬೇಕರ್-ಬೋಲ್ಟನ್ ಮೊಕದ್ದಮೆಯಲ್ಲಿ, ಪ್ರಯಾಣದ ಕುದುರೆಗಾಡಿ ಮಗುಚಿ ಹೆಂಡತಿಯನ್ನು ಕಳೆದುಕೊಂಡವನಿಗೆ, ಮನುಷ್ಯನ ಮರಣವು ಸಿವಿಲ್ ನ್ಯಾಯಾಲಯದಲ್ಲಿ ದೂರಬಹುದಾದ ಹಾನಿಯಲ್ಲವೆಂದು ಲಾರ್ಡ್ ಎಲೆನ್‌ಬರೋ ತೀರ್ಮಾನಿಸಿದ್ದನು. ಗಾಯಗೊಳಿಸಿದವನು ದಂಡ ತೆರಬೇಕು, ಕೊಂದವನು ತೆರಬೇಕಾಗಿಲ್ಲ ಎಂಬ ಈ ವಿಪರೀತವು ರೈಲುಗಳ ಯುಗದಲ್ಲಿ ಅಸಹ್ಯವಾಗಿ ತೋರಿ, 1846ರಲ್ಲಿ ಲಾರ್ಡ್ ಕ್ಯಾಂಪ್‌ಬೆಲ್ಲನ ಕಾಯಿದೆಯು ಮೃತನ ಅವಲಂಬಿತರಿಗೆ ದಾವೆಯ ಹಕ್ಕನ್ನು ಕೊಟ್ಟಿತು. ಅದರ ಮಾದರಿಯಲ್ಲಿಯೇ ನಮ್ಮಲ್ಲಿ 1855ರ ಮಾರಣಾಂತಿಕ ಅಪಘಾತಗಳ ಕಾಯಿದೆಯು ಬಂದಿತು. ಮೋಟಾರುಗಳು ಬಂದದ್ದು ಆಮೇಲೆ. ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯು ಸ್ಥಾಪಿತವಾಗಿ ಬಸ್ಸಿನ ವ್ಯವಹಾರವು ಬೇರೂರಿದ ಈ ಜಿಲ್ಲೆಯಲ್ಲಿಯೂ ದೀರ್ಘಕಾಲ ಆ ಹಳೆಯ ಕಾಯಿದೆ ಮತ್ತು ಸಿವಿಲ್ ದಾವೆಗಳೇ ನೊಂದವರಿಗೆ ಗತಿಯಾಗಿದ್ದುವು. 1939ರ ಮೋಟಾರು ವಾಹನ ಕಾಯಿದೆಗೆ 1956ರಲ್ಲಿ ಬಂದ ತಿದ್ದುಪಡಿಯಿಂದ ಕ್ಲೇಮುಗಳ ನ್ಯಾಯಮಂಡಲಿಗೆ ಅವಕಾಶವಾಯಿತು. ದಕ್ಷಿಣ ಕನ್ನಡವು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷದಲ್ಲಿ. ಈಗ ಆಧಾರವಾಗಿರುವುದು 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಕಾಯಿದೆ. ಅದರ 166ನೆಯ ಕಲಮಿನನ್ವಯ ಅಪಘಾತ ನಡೆದ ಸ್ಥಳದಲ್ಲಿಯೇ ಅಲ್ಲದೆ, ಅರ್ಜಿದಾರರು ಅಥವಾ ಪ್ರತಿವಾದಿಯು ವಾಸಿಸುವ ಸ್ಥಳದ ನ್ಯಾಯಮಂಡಲಿಯಲ್ಲಿಯೂ ಅರ್ಜಿ ಹಾಕಬಹುದು. ಆದ್ದರಿಂದ ನೆಲಮಂಗಲದ ಬಳಿ ಬಸ್ಸಿನಲ್ಲಿ ಮಡಿದ ಬೆಳ್ತಂಗಡಿಯವನ ಹೆಂಡತಿಯು ನ್ಯಾಯಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಹೀಗೆ ದಾಖಲಾದ ಅರ್ಜಿಗೆ ವಕೀಲರ ಮಾತಿನಲ್ಲಿ ಎಂ.ವಿ.ಸಿ. ಎಂದೂ, ಅದರ ತೀರ್ಪಿನ ಮೇಲೆ ಉಚ್ಚ ನ್ಯಾಯಾಲಯಕ್ಕೆ ಹೋಗುವ ಮೇಲ್ಮನವಿಗೆ ಎಂ.ಎಫ್.ಎ. ಎಂದೂ ರೂಢಿಯಾಗಿದೆ.

ಹಕ್ಕು ಹುಟ್ಟಿತಾದರೂ ಮೊಬಲಗಿನ ಮಾನದಂಡವು ಸುಲಭವಾಗಿ ಹುಟ್ಟಲಿಲ್ಲ. ಮೃತನು ಇನ್ನೆಷ್ಟು ಕಾಲ ಬದುಕುತ್ತಿದ್ದನೆಂದು ಊಹಿಸಿ ಅಷ್ಟೂ ವರ್ಷಗಳ ಆದಾಯವನ್ನು ಕೂಡಿಸಿ ಅದರಲ್ಲಿ ಒಂದಂಶವನ್ನು ಕಳೆಯುವುದು ಒಂದು ಪದ್ಧತಿ. ವಾರ್ಷಿಕ ಅವಲಂಬನೆಯ ಮೊಬಲಗನ್ನು ವಯಸ್ಸಿಗನುಸಾರವಾದ ಒಂದು ಗುಣಕದಿಂದ ಗುಣಿಸುವುದು ಇನ್ನೊಂದು. 1942ರ ಡೇವಿಸ್ ಮೊಕದ್ದಮೆಯಲ್ಲಿ ಇಂಗ್ಲೆಂಡಿನಲ್ಲಿ ನೆಲೆಗೊಂಡ ಈ ಎರಡನೆಯ ಪದ್ಧತಿಯೇ ಶಾಸ್ತ್ರೀಯವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1993ರ ಜನವರಿಯಲ್ಲಿ, ಕೇರಳ ರಾಜ್ಯ ರಸ್ತೆ ಸಾರಿಗೆ ನಿಗಮ ಮತ್ತು ಸೂಸಮ್ಮ ಥಾಮಸ್ ನಡುವಣ ಮೊಕದ್ದಮೆಯಲ್ಲಿ ಸಾರಿತು. ಆ ಪೀಠದಲ್ಲಿದ್ದವರು ನಮ್ಮ ನಾಡಿನ ಎಂ. ಎನ್. ವೆಂಕಟಾಚಲಯ್ಯನವರು. ಆದರೂ ಮುಂದಿನ ಒಂದೂವರೆ ದಶಕದಲ್ಲಿ ನ್ಯಾಯಮಂಡಲಿಗಳು ತಮತಮಗೆ ತೋರಿದಂತೆ ಗುಣಕಗಳನ್ನು ಬಳಸಿ, ಒಂದೇ ವಯಸ್ಸಿನ ಒಂದೇ ಸಂಬಳದ ಇಬ್ಬರ ಮನೆಗಳಿಗೆ ಬೇರೆ ಬೇರೆ ಮೊಬಲಗು ಸಿಕ್ಕುವಂತಾಗಿತ್ತು. ಈ ಗೊಂದಲಕ್ಕೆ ತೆರೆಯೆಳೆದುದು 2009ರ ಸರಳಾ ವರ್ಮ ತೀರ್ಪು. ಅದನ್ನು ಬರೆದವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಇಂಥ ಮೇಲ್ಮನವಿಗಳನ್ನು ವಿಚಾರಿಸಿದ್ದ ಆರ್. ವಿ. ರವೀಂದ್ರನ್. 2017ರ ಅಕ್ಟೋಬರ್ 31ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಪ್ರಣಯ್ ಸೇಠಿ ಪ್ರಕರಣದಲ್ಲಿ ಅದೇ ಕ್ರಮವನ್ನು ಸ್ಥಿರೀಕರಿಸಿ, ಉಳಿದಿದ್ದ ಸಂದೇಹಗಳನ್ನು ಪರಿಹರಿಸಿತು. ಇಂದು ದೇಶದ ಎಲ್ಲ ನ್ಯಾಯಮಂಡಲಿಗಳೂ ಅನುಸರಿಸುವುದು ಈ ಎರಡು ತೀರ್ಪುಗಳ ಸಂಯುಕ್ತ ಕ್ರಮವನ್ನೇ.

ಆ ಕ್ರಮವು ಹೀಗೆ. ಮೊದಲು ಮೃತನ ವಾರ್ಷಿಕ ಆದಾಯವನ್ನು, ಆದಾಯ ತೆರಿಗೆಯಿದ್ದಲ್ಲಿ ಅದನ್ನು ಕಳೆದು, ನಿರ್ಧರಿಸತಕ್ಕದ್ದು. ಆಮೇಲೆ ಭವಿಷ್ಯದ ಅಭ್ಯುದಯಕ್ಕಾಗಿ ಒಂದಂಶವನ್ನು ಕೂಡಿಸತಕ್ಕದ್ದು: ಖಾಯಂ ನೌಕರಿಯವನಾದರೆ ನಲವತ್ತರೊಳಗೆ ಶೇಕಡ 50, ನಲವತ್ತರಿಂದ ಐವತ್ತರವರೆಗೆ 30, ಅಲ್ಲಿಂದ ಅರವತ್ತರವರೆಗೆ 15, ಸ್ವಂತ ಕಸುಬಿನವನಾಗಲಿ ನಿಶ್ಚಿತ ಸಂಬಳದವನಾಗಲಿ ಆದರೆ ಕ್ರಮವಾಗಿ 40, 25 ಮತ್ತು 10. ಹೀಗೆ ಬಂದ ಮೊತ್ತದಲ್ಲಿ ಮೃತನು ತನಗಾಗಿಯೇ ಖರ್ಚುಮಾಡಿಕೊಳ್ಳುತ್ತಿದ್ದುದೆಂದು ಒಂದು ಪಾಲನ್ನು ಕಳೆಯುವುದು: ಅವಲಂಬಿತರು ಇಬ್ಬರು ಮೂವರಾದರೆ ಮೂರನೆಯ ಒಂದು, ನಾಲ್ವರಿಂದ ಆರು ಮಂದಿಯಾದರೆ ನಾಲ್ಕನೆಯ ಒಂದು, ಆರಕ್ಕೂ ಮಿಕ್ಕಿದರೆ ಐದನೆಯ ಒಂದು, ಅವಿವಾಹಿತನಾದರೆ ಸಾಮಾನ್ಯವಾಗಿ ಅರ್ಧ. ಉಳಿದುದು ಗುಣ್ಯ. ಅದನ್ನು ವಯೋಗುಣಕದಿಂದ ಗುಣಿಸುವುದು: ಹದಿನೈದರಿಂದ ಇಪ್ಪತ್ತೈದರವರೆಗೆ 18, ಮೂವತ್ತರವರೆಗೆ 17, ಮೂವತ್ತೈದರವರೆಗೆ 16, ನಲವತ್ತರವರೆಗೆ 15, ನಲವತ್ತೈದರವರೆಗೆ 14, ಐವತ್ತರವರೆಗೆ 13, ಆ ಬಳಿಕ ಪ್ರತಿ ಐದು ವರ್ಷಕ್ಕೆ 11, 9, 7 ಎಂದು ಇಳಿದು ಅರವತ್ತೈದರ ಮೇಲೆ 5. ಇದಲ್ಲದೆ ಸಾಂಪ್ರದಾಯಿಕ ಬಾಬುಗಳೆಂದು ಆಸ್ತಿನಷ್ಟಕ್ಕೆ 15,000, ಸಾಹಚರ್ಯನಷ್ಟಕ್ಕೆ 40,000, ಉತ್ತರಕ್ರಿಯೆಗೆ 15,000 ರೂಪಾಯಿಗಳು. ಇವು ಮೂರು ವರ್ಷಗಳಿಗೊಮ್ಮೆ ಶೇಕಡ ಹತ್ತರಂತೆ ಏರತಕ್ಕವು. ಸಾಹಚರ್ಯನಷ್ಟವು ವಿಧವೆಗೆ ಮಾತ್ರವಲ್ಲ, ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗೂ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳಿಗೂ ಸಲ್ಲುವುದೆಂದು 2018ರ ಮ್ಯಾಗ್ಮಾ ತೀರ್ಪು ಹೇಳಿತು.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಬಂಟ್ವಾಳದ ಕಡೆಯ ಮೂವತ್ತೆಂಟು ವರ್ಷ ವಯಸ್ಸಿನ ಗಾರೆ ಮೇಸ್ತ್ರಿಯೊಬ್ಬನು ಹೆಂಡತಿ, ಇಬ್ಬರು ಮಕ್ಕಳು ಹಾಗೂ ತಾಯಿಯನ್ನು ಬಿಟ್ಟು ತೀರಿಕೊಂಡನೆಂದೂ ಅವನ ಮಾಸಿಕ ಆದಾಯವು 15,000 ರೂಪಾಯಿಯೆಂದು ಸಿದ್ಧವಾಯಿತೆಂದೂ ಭಾವಿಸೋಣ. ವರ್ಷಕ್ಕೆ 1,80,000, ಅಭ್ಯುದಯದ ಶೇಕಡ 40ನ್ನು ಕೂಡಿಸಲಾಗಿ 2,52,000, ಅವಲಂಬಿತರು ನಾಲ್ವರಾದ್ದರಿಂದ ನಾಲ್ಕನೆಯ ಒಂದನ್ನು ಕಳೆಯಲಾಗಿ 1,89,000, ಹದಿನೈದರಿಂದ ಗುಣಿಸಲಾಗಿ 28,35,000. ಎರಡು ಬಾರಿ ಏರಿದ ದರದಂತೆ ನಾಲ್ವರಿಗೂ ತಲಾ 48,400ರ ಸಾಹಚರ್ಯ ಪರಿಹಾರ 1,93,600. ಆಸ್ತಿನಷ್ಟ ಮತ್ತು ಉತ್ತರಕ್ರಿಯೆಗೆ ತಲಾ 18,150. ಒಟ್ಟು 30,64,900 ರೂಪಾಯಿ, ಮೇಲೆ ಅರ್ಜಿಯ ದಿನದಿಂದ ಬಡ್ಡಿ. ಮೃತನು ಮಾಡಿಸಿದ್ದ ಜೀವವಿಮೆಯ ಹಣವನ್ನಾಗಲಿ ಭವಿಷ್ಯನಿಧಿಯನ್ನಾಗಲಿ ಇದರಲ್ಲಿ ಮುರಿದುಕೊಳ್ಳಕೂಡದೆಂಬುದು ಹೆಲೆನ್ ರೆಬೆಲ್ಲೊ ಪ್ರಕರಣದಿಂದ ಸ್ಥಿರಪಟ್ಟಿದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ವಯಸ್ಸು ಶಾಲೆಯ ದಾಖಲೆಯಿಂದ ತಿಳಿಯುವುದು. ಗುಣಕ, ಅಭ್ಯುದಯ, ಕಡಿತ, ಸಾಂಪ್ರದಾಯಿಕ ಬಾಬುಗಳು, ಇವೆಲ್ಲ ಕೋಷ್ಟಕದಲ್ಲಿವೆ. ನ್ಯಾಯಾಧೀಶರ ವಿವೇಚನೆಗೆ ನಿಜವಾಗಿ ಉಳಿದಿರುವುದು ಮೊದಲನೆಯ ಅಂಕಿಯೊಂದೇ. ಮೇಲ್ಕಂಡ ಮೇಸ್ತ್ರಿಯ ಮಾಸಿಕ ಆದಾಯವನ್ನು ಹದಿನೈದರ ಬದಲು ಹದಿನಾಲ್ಕು ಸಾವಿರವೆಂದು ಹಿಡಿದರೆ ಕೊನೆಯ ಮೊಬಲಗಿನಲ್ಲಿ 1,89,000 ರೂಪಾಯಿಗಳು ಮಾಯವಾಗುವುವು. ಗುಣಕವನ್ನು ಕುರಿತು ನಡೆದ ವಾದವು ಮುಗಿದುಹೋಗಿದೆ. ನ್ಯಾಯಾನ್ಯಾಯಗಳ ತಕ್ಕಡಿಯು ಇಂದು ತೂಗುವುದು ಆದಾಯದ ಸಾಕ್ಷ್ಯದ ಮೇಲೆ. ಆ ಸಾಕ್ಷ್ಯವು ಎಲ್ಲಿಯೂ ಸುಲಭವಲ್ಲ, ಈ ಮೂರು ಊರುಗಳಲ್ಲಿಯಂತೂ ವಿಶೇಷವಾಗಿ ಕಷ್ಟ. ಏಕೆಂದರೆ ಇಲ್ಲಿನ ಮನೆಗಳು ಒಂದೇ ಸಂಬಳದ ಚೀಟಿಯಿಂದ ನಡೆಯುವಂಥವಲ್ಲ.

ದಾಖಲೆ ಇಲ್ಲದವರ ಆದಾಯವನ್ನು ನ್ಯಾಯಾಲಯಗಳು ಊಹಿಸಿಕೊಳ್ಳುತ್ತವೆ. ಕರ್ನಾಟಕದಲ್ಲಿ ಇದಕ್ಕಾಗಿ, ಲೋಕ ಅದಾಲತ್ತುಗಳ ಅನುಕೂಲಕ್ಕೆಂದು ಕಾನೂನು ಸೇವೆಗಳ ಪ್ರಾಧಿಕಾರವು ಸಿದ್ಧಪಡಿಸಿದ, ಅಪಘಾತದ ವರ್ಷಕ್ಕನುಗುಣವಾಗಿ ಏರುವ ಕಾಲ್ಪನಿಕ ಆದಾಯದ ಪಟ್ಟಿಯನ್ನು ಉಚ್ಚ ನ್ಯಾಯಾಲಯವೂ ಮಾರ್ಗದರ್ಶಿಯಾಗಿ ಅನುಸರಿಸುತ್ತ ಬಂದಿದೆ. ಸಮಾನರಿಗೆ ಸಮಾನ ಮೊಬಲಗನ್ನು ಒದಗಿಸುವ ಗುಣ ಅದಕ್ಕಿದೆ. ಆದರೆ ಕೆಂಪುಕಲ್ಲು ಕಡಿಯುವವನನ್ನೂ ಅಡಿಕೆ ಮರವೇರಿ ಗೊನೆ ಕೊಯ್ಯುವ ಕುಶಲಿಯನ್ನೂ ಹೊಸದಾಗಿ ಕೂಲಿಗೆ ಸೇರಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ದೋಷವೂ ಇದೆ. ಕೂಲಿಕಾರನಿಂದ ಆದಾಯದ ಕಾಗದಪತ್ರಗಳನ್ನು ನಿರೀಕ್ಷಿಸುವುದು ಉಚಿತವಲ್ಲವೆಂದೂ, ಅವನ ಹೇಳಿಕೆಯು ಆ ಕಾಲದ ಕೂಲಿದರಕ್ಕೆ ಹೊಂದುವಂತಿದ್ದರೆ ಅದನ್ನು ನಂಬತಕ್ಕದ್ದೆಂದೂ ಬೆಂಗಳೂರಿನ ಗಾಯಾಳು ಕೂಲಿಕಾರನೊಬ್ಬನ ಮೊಕದ್ದಮೆಯಲ್ಲಿ, ಅಂದರೆ 2011ರ ರಾಮಚಂದ್ರಪ್ಪ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ಹೇಳಿರುವುದನ್ನು ಇಲ್ಲಿ ನೆನೆಯಬೇಕು. ಪಟ್ಟಿಯು ಸಾಕ್ಷ್ಯವಿಲ್ಲದಲ್ಲಿ ಆಸರೆಯಾಗಬೇಕೇ ಹೊರತು ಸಾಕ್ಷ್ಯವಿದ್ದಲ್ಲಿ ಅಡ್ಡಗೋಡೆಯಾಗಬಾರದು.

ಈಗ ಇಲ್ಲಿನ ಮನೆಗಳನ್ನು ಒಂದೊಂದಾಗಿ ನೋಡೋಣ. ಬಂಟ್ವಾಳ ಬೆಳ್ತಂಗಡಿಗಳ ಗ್ರಾಮಗಳಲ್ಲಿ ಅಡುಗೆ, ಹಟ್ಟಿಯ ಕೆಲಸ, ಮಕ್ಕಳ ಆರೈಕೆಗಳ ನಡುವೆ ದೊರೆತ ಬಿಡುವಿನಲ್ಲೆಲ್ಲ ಬೀಡಿ ಕಟ್ಟಿ, ಬ್ರಾಂಚಿಗೆ ಒಯ್ದುಕೊಟ್ಟು, ಸಾವಿರಕ್ಕೆ ಇಷ್ಟೆಂದು ಮಜೂರಿ ಪಡೆಯುವ ಹೆಂಗಸರು ಅಸಂಖ್ಯರು. ಅಂಥವಳು ರಸ್ತೆ ದಾಟುವಾಗ ಬಸ್ಸಿಗೆ ಸಿಕ್ಕಿ ಮಡಿದರೆ ಆಕೆಯನ್ನು ಗೃಹಿಣಿಯೆಂದು ಗಣಿಸಬೇಕೆ, ಕಾರ್ಮಿಕಳೆಂದೆ? ನಿಜದಲ್ಲಿ ಆಕೆ ಎರಡೂ ಹೌದು. ಗೃಹಿಣಿಯ ಸೇವೆಗೆ ಬೆಲೆಯುಂಟೆಂಬುದನ್ನು ಜಮ್‌ಶೆಡ್‌ಪುರದ ಅಗ್ನಿದುರಂತವನ್ನು ಕುರಿತ 2001ರ ಲತಾ ವಾಧ್ವಾ ತೀರ್ಪು ತಿಂಗಳಿಗೆ 3,000 ರೂಪಾಯಿಗಳ ಅಂದಾಜಿನಿಂದ ಒಪ್ಪಿತ್ತು. 2010ರ ಅರುಣ್ ಕುಮಾರ್ ಅಗ್ರವಾಲ್ ತೀರ್ಪು ಅದನ್ನು ಪುಷ್ಟಿಗೊಳಿಸಿತು. 2021ರ ಕೀರ್ತಿ ಪ್ರಕರಣದಲ್ಲಿ ಗೃಹಿಣಿಯ ಕಾಲ್ಪನಿಕ ಆದಾಯಕ್ಕೂ ಅಭ್ಯುದಯದ ಅಂಶವನ್ನು ಕೂಡಿಸಬಹುದೆಂದು ನಿರ್ಣಯವಾಯಿತು. ಮನೆಗೆಲಸಕ್ಕೆ ಹೆಂಗಸರು ದಿನವೊಂದಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ವ್ಯಯಿಸುತ್ತಾರೆಂಬ 2019ರ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳನ್ನು ನ್ಯಾಯಮೂರ್ತಿ ಎನ್. ವಿ. ರಮಣ ಅವರು ಆ ತೀರ್ಪಿನಲ್ಲಿ ಉದಾಹರಿಸಿದ್ದಾರೆ. ಆದುದರಿಂದ ಬೀಡಿಯ ಪಾಸ್‌ಬುಕ್ಕು, ಭವಿಷ್ಯನಿಧಿಯ ಖಾತೆಗಳಿಂದ ಮಜೂರಿಯನ್ನು ಸಾಧಿಸಿ, ಅದರ ಮೇಲೆ ಗೃಹಸೇವೆಯ ಮೌಲ್ಯವನ್ನೂ ಪ್ರತ್ಯೇಕವಾಗಿ ಪ್ರಾರ್ಥಿಸುವುದೇ ಸರಿಯಾದ ಮಾರ್ಗ. ಒಂದನ್ನು ಎತ್ತಿಹಿಡಿದು ಇನ್ನೊಂದನ್ನು ಮರೆತಲ್ಲಿ ಆಕೆಯ ದುಡಿಮೆಯ ಅರ್ಧವು ಲೆಕ್ಕಕ್ಕೇ ಬಾರದೆ ಹೋದೀತು.

ಅಡಿಕೆ ತೋಟದ ಕೃಷಿಕನ ಸ್ಥಿತಿ ಬೇರೆ. ಅವನು ತೀರಿಕೊಂಡರೂ ತೋಟವು ವಾರಸುದಾರರಲ್ಲಿಯೇ ಉಳಿಯುವುದಾದ್ದರಿಂದ, ಪೂರ್ಣ ಫಸಲಿನ ಬೆಲೆಯನ್ನು ನಷ್ಟವೆಂದೆಣಿಸಲಾಗದು. ಮೇಲ್ವಿಚಾರಣೆ ಮತ್ತು ಸ್ವಂತ ದುಡಿಮೆಯ ಬೆಲೆಯನ್ನಷ್ಟೇ ಗಣಿಸತಕ್ಕದ್ದೆಂಬುದು 2003ರ ಜಸ್ಬೀರ್ ಕೌರ್ ತೀರ್ಪಿನ ಸಾರ. ತತ್ತ್ವವು ನ್ಯಾಯ್ಯವಾದದ್ದೇ. ಆದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು, ಬೇಸಗೆಯಲ್ಲಿ ನೀರು ಹಾಯಿಸುವುದು, ಕೊಯ್ಲು, ಒಣಗಿಸುವಿಕೆ, ಸುಲಿತ, ಧಾರಣೆ ನೋಡಿ ಮಾರುವ ವಿವೇಕ, ಇವೆಲ್ಲ ಒಬ್ಬನ ಅನುಭವದಲ್ಲಿ ಸೇರಿಕೊಂಡಿದ್ದ ತೋಟದಲ್ಲಿ ‘ಮೇಲ್ವಿಚಾರಣೆ’ ಎಂಬುದು ಕೇವಲ ಒಬ್ಬ ಕಾವಲುಗಾರನ ಸಂಬಳವಲ್ಲ. ಮೃತನ ಕಾಲದ ಮತ್ತು ಆ ಬಳಿಕದ ವರ್ಷಗಳ ಅಡಿಕೆ ಮಾರಾಟದ ಕ್ಯಾಂಪ್ಕೊ ಸಹಕಾರ ಸಂಘದ ರಶೀದಿಗಳನ್ನು, ಹಾಲಿನ ಸೊಸೈಟಿಯ ಪುಸ್ತಕವನ್ನು ಹೋಲಿಸಿ ತೋರಿಸಿದರೆ ನಷ್ಟದ ನಿಜಸ್ವರೂಪವು ಪ್ರಕಟವಾಗುವುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು 1982ರಲ್ಲಿ ಆರಂಭವಾದಂದಿನಿಂದ ಹಳ್ಳಿಹಳ್ಳಿಗೆ ಹಬ್ಬಿದ ಸಂಘಗಳಲ್ಲಿ ವಾರವಾರವೂ ಕಂತು ಕಟ್ಟಿದ ದಾಖಲೆ ಕೂಡ, ಆ ಮನೆಯಲ್ಲಿ ನಿಯತವಾಗಿ ಹಣ ಬರುತ್ತಿದ್ದಿತೆಂಬುದಕ್ಕೆ ಪ್ರಬಲವಾದ ಸಾಕ್ಷಿಯಾಗಬಲ್ಲದು.

ಕೊಲ್ಲಿಯಲ್ಲಿ ದುಡಿಯುತ್ತಿದ್ದು ರಜೆಯಲ್ಲಿ ಊರಿಗೆ ಬಂದಾಗ ಅಪಘಾತಕ್ಕೀಡಾದವರದು ಮೂರನೆಯ ಬಗೆ. ವಿದೇಶದ ಸಂಬಳವನ್ನು ಅರ್ಜಿ ಸಲ್ಲಿಸಿದ ದಿನದ ವಿನಿಮಯದರದಲ್ಲಿ ರೂಪಾಯಿಗೆ ಪರಿವರ್ತಿಸುವ ಕ್ರಮವನ್ನು 2013ರ ಜಿಜು ಕುರುವಿಲ ತೀರ್ಪು ಅಂಗೀಕರಿಸಿತು. ಆದರೆ ಅಮೆರಿಕದಲ್ಲಿದ್ದ ವೈದ್ಯನ ಮರಣವನ್ನು ಕುರಿತ 2002ರ ಪೆಟ್ರಿಷಿಯಾ ಮಹಾಜನ್ ತೀರ್ಪಿನಲ್ಲಿ ಅವಲಂಬನೆಯ ಮೊಬಲಗು ಅತ್ಯಧಿಕವಾಗಿದ್ದುದರಿಂದ ಗುಣಕವನ್ನು ಹತ್ತಕ್ಕೆ ಇಳಿಸಲಾಗಿತ್ತು. ಕೊಲ್ಲಿಯ ಒಪ್ಪಂದಗಳು ಅಲ್ಪಕಾಲಿಕವೆಂಬ ವಾದವನ್ನು ವಿಮಾಕಂಪನಿಗಳು ತಪ್ಪದೆ ಮುಂದಿಡುತ್ತವೆ. ಇದಕ್ಕೆ ಉತ್ತರವಾಗಿ ಸಂಬಳದ ಪ್ರಮಾಣಪತ್ರದ ಜೊತೆಗೆ ಹಲವು ವರ್ಷ ಮನೆಗೆ ಬಂದ ಹಣದ ಬ್ಯಾಂಕ್ ಲೆಕ್ಕವನ್ನು ಹಾಜರುಪಡಿಸಬೇಕಾಗುವುದು. ಇನ್ನು ವಿದ್ಯಾರ್ಥಿಗಳು. ಗಳಿಕೆಯನ್ನೇ ಆರಂಭಿಸದ ತರುಣನ ಆದಾಯವನ್ನು ಅವನ ವ್ಯಾಸಂಗ, ಅಂಕಗಳು, ಆ ವಿದ್ಯೆಗೆ ಸಿಗಬಹುದಾದ ಉದ್ಯೋಗಗಳಿಂದ ಊಹಿಸಬೇಕು. ಅವಿವಾಹಿತನಾದ್ದರಿಂದ ಅರ್ಧವು ಕಡಿತವಾಗುವುದು. ಆದರೆ ಗುಣಕವು ತಂದೆತಾಯಿಗಳ ವಯಸ್ಸನ್ನಲ್ಲ, ಮೃತನ ವಯಸ್ಸನ್ನೇ ಅನುಸರಿಸುವುದು. ಬಾಲಕರ ವಿಷಯದಲ್ಲಿ 2013ರ ಕಿಶನ್ ಗೋಪಾಲ್ ತೀರ್ಪು ವರ್ಷಕ್ಕೆ 30,000ದ ಕಾಲ್ಪನಿಕ ಆದಾಯವನ್ನೂ 15ರ ಗುಣಕವನ್ನೂ ಹಿಡಿದು, ಇತರ ಬಾಬುಗಳು ಸೇರಿ 5 ಲಕ್ಷ ಕೊಡಿಸಿತು.

ಎಷ್ಟು ಎಂಬ ಪ್ರಶ್ನೆಯಷ್ಟೇ ಮುಖ್ಯವಾದುದು ಯಾರಿಗೆ ಎಂಬುದು. 1855ರ ಕಾಯಿದೆಯು ಗಂಡ, ಹೆಂಡತಿ, ಮಾತಾಪಿತೃಗಳು, ಮಕ್ಕಳು, ಇವರನ್ನೇ ಹೆಸರಿಸಿ, ಸೋದರ ಸೋದರಿಯರನ್ನು ಹೊರಗಿಟ್ಟಿತ್ತು. ಅಳಿಯಸಂತಾನವು ರೂಢಿಯಲ್ಲಿದ್ದ ತುಳುನಾಡಿನಲ್ಲಿ ಇದು ಎಂಥ ವೈಷಮ್ಯವೆಂಬುದನ್ನು ಊಹಿಸಬಹುದು: ಕುಟುಂಬದ ಯಜಮಾನನಾದ ಸೋದರಮಾವನ ಆಸರೆಯಲ್ಲಿ ಬೆಳೆದ ಅಳಿಯಂದಿರು, ಸೊಸೆಯಂದಿರು ಹಾಗೂ ಅವನ ಅಕ್ಕತಂಗಿಯರು ಆ ಕಾಯಿದೆಯ ಕಣ್ಣಿಗೆ ಅವಲಂಬಿತರೇ ಅಲ್ಲ. ಹಿಂದೂ ವಾರಸಾ ಕಾಯಿದೆಯು 1956ರಲ್ಲಿ ಬಂದಮೇಲೆ ಆಸ್ತಿಯ ನ್ಯಾಯವು ಬದಲಾಯಿತು, ಆದರೆ ವಿಧವೆಯಾದ ತಂಗಿಯನ್ನೂ ಅವಳ ಮಕ್ಕಳನ್ನೂ ಸಾಕುವ ಅಣ್ಣಂದಿರು ಇಲ್ಲಿನ ಮನೆಗಳಲ್ಲಿ ಇಂದಿಗೂ ಇದ್ದಾರೆ. ಈ ಕೊರತೆಯನ್ನು ನೀಗಿದುದು 1987ರ ರಮಣಭಾಯಿ ಪ್ರಭಾತಭಾಯಿ ತೀರ್ಪು. ಅದನ್ನು ಬರೆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು, ಅವರೂ ಕನ್ನಡಿಗರೇ, ಭಾರತೀಯ ಕುಟುಂಬದಲ್ಲಿ ಸೋದರರು, ಸೋದರರ ಮಕ್ಕಳು, ಕೆಲವೊಮ್ಮೆ ಸಾಕುಮಕ್ಕಳೂ ಒಟ್ಟಿಗೆ ಬಾಳುತ್ತಾರೆಂಬ ವಾಸ್ತವವನ್ನು ಗುರುತಿಸಿ, ಮೃತನ ಸೋದರರೂ ಕಾನೂನುಬದ್ಧ ಪ್ರತಿನಿಧಿಗಳಾಗಿ ಅರ್ಜಿ ಹಾಕಬಹುದೆಂದರು. ಮದುವೆಯಾದ ಮಗಳು (2007), ಮದುವೆಯಾಗಿ ದುಡಿಯುತ್ತಿರುವ ಮಗ (2020), ಅಳಿಯನ ಮನೆಯಲ್ಲಿದ್ದ ಅತ್ತೆ (2021), ಹೀಗೆ ಈ ವೃತ್ತವು ವಿಸ್ತಾರಗೊಳ್ಳುತ್ತ ಬಂದಿದೆ.

ಗಣನೆಯು ಸರಿಯಾದರೂ ಹಣವು ಕೈಸೇರುವುದು ಇತರ ವಿಷಯಗಳನ್ನು ಅವಲಂಬಿಸಿದೆ. ಮೃತನ ಅಜಾಗರೂಕತೆಯೂ ಸೇರಿತ್ತೆಂದು ಕಂಡುಬಂದಲ್ಲಿ ಆ ಪ್ರಮಾಣಕ್ಕೆ ಮೊಬಲಗು ಕಡಿತವಾಗುವುದು. ಬೈಕಿನಲ್ಲಿ ಮೂವರಿದ್ದರೆಂಬ ಮಾತ್ರಕ್ಕೆ ಹಾಗೆ ಕಡಿತಮಾಡಲಾಗದೆಂದು 2020ರ ಮೊಹಮ್ಮದ್ ಸಿದ್ದಿಕ್ ತೀರ್ಪು ಹೇಳಿದೆ. ಸರಕಿನ ವಾಹನದಲ್ಲಿ ಬಿಟ್ಟಿಯಾಗಿ ಪ್ರಯಾಣಿಸಿದವನಿಗೆ ವಿಮೆಯ ರಕ್ಷಣೆಯಿಲ್ಲವೆಂದು 2002ರ ಆಶಾರಾಣಿ ತೀರ್ಪಿನಿಂದ ಸ್ಥಿರವಾಗಿರುವುದರಿಂದ, ಮದುವೆಗೆ ಟೆಂಪೋದ ಹಿಂಭಾಗದಲ್ಲಿ ಜನರನ್ನು ತುಂಬಿಕೊಂಡು ಹೋಗುವ ರೂಢಿಯು ಪ್ರಾಣಕ್ಕಷ್ಟೇ ಅಲ್ಲ, ಪರಿಹಾರಕ್ಕೂ ಅಪಾಯಕರ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅರ್ಜಿಗೆ ಆರು ತಿಂಗಳ ಅವಧಿಮಿತಿಯನ್ನು ವಿಧಿಸಿದೆ. ಅದರ ಸಿಂಧುತ್ವವು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿತವಾಗಿದ್ದರೂ ವಿಳಂಬ ಮಾಡದಿರುವುದೇ ಕ್ಷೇಮ. ಅದೇ ತಿದ್ದುಪಡಿಯ 164ನೆಯ ಕಲಮು ತಪ್ಪು ಯಾರದೆಂದು ಸಾಧಿಸುವ ಅಗತ್ಯವಿಲ್ಲದೆ ಮರಣಕ್ಕೆ 5 ಲಕ್ಷವನ್ನು ನಿಗದಿಗೊಳಿಸಿದೆ. ಗುದ್ದಿ ಪರಾರಿಯಾದ ವಾಹನವು ಪತ್ತೆಯಾಗದಿದ್ದಲ್ಲಿ 2 ಲಕ್ಷ ದೊರೆಯುವುದು. ಅಪ್ರಾಪ್ತ ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿಡಿಸುವ ಪದ್ಧತಿ ಸೂಸಮ್ಮ ಥಾಮಸ್ ತೀರ್ಪಿನಿಂದ ಬಂದುದು. ಬಂಧುಗಳ ಸಾಲದ ಬೇಡಿಕೆಗಳಿಂದ ಮಕ್ಕಳ ಹಣವನ್ನು ಅದು ಎಷ್ಟೋ ಬಾರಿ ಕಾಪಾಡಿದೆ.

ಈ ಪದ್ಧತಿಗೆ ಮೂಲಭೂತವಾದ ಆಕ್ಷೇಪವೊಂದುಂಟು: ಜೀವಗಳೆಲ್ಲ ಸಮಾನವಾಗಿರುವಾಗ ಪರಿಹಾರವೇಕೆ ಅಸಮಾನ? 2010ರ ಮೇ 22ರಂದು ಬಜಪೆಯಲ್ಲಿ 158 ಮಂದಿಯನ್ನು ಬಲಿ ತೆಗೆದುಕೊಂಡ ವಿಮಾನ ದುರಂತದಲ್ಲಿ ಮಡಿದ, ದುಬೈಯ ಕಂಪನಿಯೊಂದರ ಹಿರಿಯ ಅಧಿಕಾರಿಯೊಬ್ಬರ ಕುಟುಂಬಕ್ಕೆ 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸುಮಾರು 7.64 ಕೋಟಿ ರೂಪಾಯಿ ಹಾಗೂ ಬಡ್ಡಿಯನ್ನು ಕೊಡಿಸಿತು. ಅದು ವಿಮಾನಯಾನದ ಬೇರೆ ಕಾಯಿದೆಯ ವಿಷಯವಾದರೂ ಆದಾಯ, ಅಭ್ಯುದಯ, ಕಡಿತ, ಗುಣಕಗಳ ವಿಚಾರಸರಣಿ ಇದೇ. ಅದೇ ಸೀಮೆಯ ರಸ್ತೆಯಲ್ಲಿ ಮಡಿದ ಬೀಡಿ ಕಾರ್ಮಿಕಳ ಮನೆಗೆ ಅದರ ಅಲ್ಪಾಂಶವೂ ದೊರೆಯದೆಂಬುದು ಮನಸ್ಸನ್ನು ಕಲಕುವಂಥದು. ಆದರೆ ಈ ಗಣಿತವು ಜೀವಕ್ಕೆ ಬೆಲೆ ಕಟ್ಟಹೊರಟದ್ದಲ್ಲ. ಮೃತನು ಬದುಕಿದ್ದರೆ ಆ ಮನೆಗೆ ಏನು ತರುತ್ತಿದ್ದನೋ ಅದನ್ನು ತುಂಬಿಕೊಡಹೊರಟದ್ದು. ಜೀವದ ಸಮಾನತೆಗೆ ಸಂಬಂಧಿಸಿದ ಸಾಹಚರ್ಯಾದಿ ಬಾಬುಗಳು ಎಲ್ಲರಿಗೂ ಒಂದೇ ಆಗಿರುವುದನ್ನೂ ಗಮನಿಸಬೇಕು. ಆ ಸಮಾನಾಂಶವು ಇನ್ನೂ ಹೆಚ್ಚಾಗಬೇಕೆಂದು ಶಾಸಕಾಂಗವನ್ನು ಕೇಳುವುದು ನ್ಯಾಯವೇ ಸರಿ. ಆದರೆ ಗಳಿಕೆಯ ಲೆಕ್ಕವನ್ನೇ ಕೈಬಿಟ್ಟು ಎಲ್ಲರಿಗೂ ಒಂದೇ ಮೊಬಲಗನ್ನು ಗೊತ್ತುಮಾಡಿದರೆ, 164ನೆಯ ಕಲಮಿನ 5 ಲಕ್ಷವನ್ನೂ ನಮ್ಮ ಮೇಸ್ತ್ರಿಯ 30 ಲಕ್ಷವನ್ನೂ ಹೋಲಿಸಿ ನೋಡಿದವರಿಗೆ ತಿಳಿಯುವಂತೆ, ನಷ್ಟವಾಗುವುದು ಬಡವರಿಗೇ.

ಒಟ್ಟಿನಲ್ಲಿ ಹೇಳುವುದಾದರೆ, ಕಳೆದ ಮೂರು ದಶಕಗಳಲ್ಲಿ ನ್ಯಾಯಾಲಯಗಳು ಪರಿಹಾರದ ಗಣನೆಯಿಂದ ಅದೃಷ್ಟದ ಅಂಶವನ್ನು ಬಹುಮಟ್ಟಿಗೆ ತೊಡೆದುಹಾಕಿವೆ. ಅಸಮಾನತೆಯು ಈಗ ಉಳಿದಿರುವುದು ಆದಾಯವನ್ನು ಕಾಣುವ ದೃಷ್ಟಿಯಲ್ಲಿ. ಹಲವು ಕೈಗಳ ದುಡಿಮೆಯನ್ನು ಒಂದೇ ಒಲೆಗೆ ತರುವ ಇಲ್ಲಿನ ಮನೆಯ ಅರ್ಥಶಾಸ್ತ್ರವನ್ನು ಅರ್ಜಿಯ ಮೊದಲ ಪುಟದಲ್ಲಿಯೇ ಬಿಡಿಸಿ ಬರೆಯುವ ವಕೀಲನೂ, ಕಾಲ್ಪನಿಕ ಪಟ್ಟಿಯ ಕಡೆಗೆ ತಿರುಗುವ ಮೊದಲು ಪಾಸ್‌ಬುಕ್ಕು, ರಶೀದಿ, ಕಂತಿನ ಪುಸ್ತಕಗಳನ್ನು ಓದುವ ನ್ಯಾಯಾಧೀಶನೂ ಇರುವಲ್ಲಿ ಕೋಷ್ಟಕವು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುವುದು. ಹಾಗಾಗಬೇಕಾದರೆ ಮನೆಯವರು ಸಂಚಯನ, ಉತ್ತರಕ್ರಿಯೆಗಳು ಮುಗಿದೊಡನೆಯೇ ಆ ಹಳೆಯ ಪುಸ್ತಕ ರಶೀದಿಗಳನ್ನು ಹುಡುಕಿ ಜೋಪಾನ ಮಾಡುವುದು ಅವಶ್ಯ. ಮುಂದಿನ ಹದಿನೈದು ವರ್ಷಗಳ ಅನ್ನವು ಬಹುಶಃ ಅವುಗಳಲ್ಲಿಯೇ ಇದೆ.